ಕವುಚಿಟ್ಟ ಲೋಟ

ಸಂಜೆ ಲೇಪದಜ್ಜ ಬಾಗಿಲು ತೆಗೆದು ಒಳಗೆ ಕಾಲಿಟ್ಟು ಚಪ್ಪಲಿ ಬಿಡುವ ಮೊದಲೇ ಒಳಕೋಣೆಯಿಂದ ಒಂದು ಮಾತು ಬರುತ್ತಿತ್ತು.

"ಬಂತಾ?"

"ಇಲ್ಲ ಕಣೇ. ಇನ್ನೂ ಇಲ್ಲ."

"ಬರುತ್ತೆ ಬಿಡಿ. ಎಲ್ಲಿಗೆ ಹೋಗುತ್ತೆ."

ಇಷ್ಟಾದ ಮೇಲೆ ಅವರು ಕೈಕಾಲು ತೊಳೆದು, ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿದು ನಿಂತು, ಹೆಂಡತಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ಅಕ್ಕನ ಆರೈಕೆಗೆಂದು ಬಂದು ಉಳಿದಿದ್ದ ನಾದಿನಿ ಅಡುಗೆಮನೆಯಿಂದಲೇ ಗೊಣಗುತ್ತಿದ್ದಳು.

"ನಾನು ಬಂದಾಗಿನಿಂದ ಇದೇ ಆಯ್ತು, ಬಂತಾ, ಬಂತಾ. ಬರೋದು ನೆಂಟರೋ ಸಾಮಾನೋ, ಆ ದೇವರಿಗೇ ಗೊತ್ತು."

ಬರಬೇಕಾಗಿದ್ದುದು ಒಂದು ಪರಮಾಣು. ಒಂದೇ ಒಂದು.

ದೇವರು ಈ ಭೂಮಿಯಲ್ಲಿ ಇಟ್ಟಿರುವ ಮೂಲಧಾತುಗಳು ಹೆಚ್ಚುಕಡಿಮೆ ಯುರೇನಿಯಂಗೆ ಮುಗಿಯುತ್ತವೆ. ಅದಕ್ಕಿಂತ ಭಾರವಾದದ್ದು ಬೇಕೆಂದರೆ ಮನುಷ್ಯ ತಾನೇ ಮಾಡಿಕೊಳ್ಳಬೇಕು. ಊರಿನಾಚೆಯ ಪ್ರಯೋಗಶಾಲೆಯಲ್ಲಿ ಆ ಕೆಲಸ ನಡೆಯುತ್ತಿತ್ತು. ದೊಡ್ಡ ಯಂತ್ರವೊಂದು ಕ್ರೋಮಿಯಂನ ಪರಮಾಣು ಬೀಜಗಳನ್ನು ಓಡಿಸಿಕೊಂಡು ಬಂದು, ಗಿರಗಿರನೆ ತಿರುಗುವ ಚಕ್ರವೊಂದರ ಮೇಲಿನ ಕ್ಯೂರಿಯಂ ಲೇಪಕ್ಕೆ ಹೊಡೆಯುತ್ತಿತ್ತು. ಹಗಲೂ ರಾತ್ರಿ, ತಿಂಗಳುಗಟ್ಟಲೆ. ಲೆಕ್ಕವಿಲ್ಲದಷ್ಟು ಬೀಜಗಳು ಬಂದು ಬಡಿದು ಚದುರಿಹೋದ ಮೇಲೆ ಎಂದೋ ಒಂದು ಬೆಸೆದುಕೊಂಡರೆ ಅದು ನೂರಿಪ್ಪತ್ತನೆಯ ಧಾತು. ಅದುವರೆಗೆ ಯಾರೂ ಕಾಣದ್ದು. ಕಣ್ಣು ಮಿಟುಕಿಸುವುದರೊಳಗೆ ಅದೂ ಕರಗಿಹೋಗುವುದು. ಹೋಗುವಾಗ ಒಂದರ ಹಿಂದೊಂದು ಆಲ್ಫಾ ಕಣಗಳನ್ನು ಉಗುಳಿ ಹೋಗುತ್ತದೆ. ಆ ಉಗುಳಿನ ಗುರುತಿನಿಂದಲೇ, ಬಂದು ಹೋದದ್ದು ಯಾರೆಂದು ತಿಳಿಯಬೇಕು.

ಚಕ್ರಕ್ಕೆ ಹಾಕುವ ತೆಳು ಹಾಳೆಗಳಿಗೆ ಕ್ಯೂರಿಯಂ ಲೇಪ ಕೊಡುವುದು ಅಜ್ಜನ ಕೆಲಸ. ಅದರಿಂದಲೇ ಆ ಹೆಸರು. ಯಾವ ವೇಗದಲ್ಲಿ ಹೊಡೆದರೆ ಎರಡು ಬೀಜಗಳು ಒಂದಾದಾವೆಂದು ಮುಂಚಿತವಾಗಿ ಲೆಕ್ಕ ಹಾಕಿ ಹೇಳುವುದು ಹೆಂಡತಿಯ ಕೆಲಸ. ಆಕೆಯನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ಲೆಕ್ಕದಮ್ಮ ಎನ್ನುತ್ತಿದ್ದರು.

ತನ್ನ ವಿದ್ಯೆಯನ್ನು ಆಕೆ ತಂಗಿಗೆ ಹೀಗೆ ತಿಳಿಸಿ ಹೇಳಿದ್ದಳು: "ಎರಡು ಜಂಬದ ಮನೆತನಗಳ ಮಧ್ಯೆ ಸಂಬಂಧ ಕುದುರಿಸಿದ ಹಾಗೆ ಕಣೇ ಇದು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಲ್ಲ. ಮೆಲ್ಲಗೆ ತಳ್ಳಿದರೆ ಹೊಸ್ತಿಲಲ್ಲೇ ಮುಖ ತಿರುಗಿಸಿಕೊಂಡು ಹೊರಟುಹೋಗ್ತಾರೆ. ಜೋರಾಗಿ ತಳ್ಳಿದರೆ ಮದುವೆಯೇನೋ ಆಗುತ್ತೆ, ಆದರೆ ಮನೆ ತುಂಬ ಸಿಟ್ಟಿನ ಬಿಸಿ. ಆ ಬಿಸಿಗೆ ಒಂದಾದದ್ದು ಒಡೆದು ಎರಡಾಗುತ್ತೆ. ಎರಡು ಮೂರು ನ್ಯೂಟ್ರಾನ್ ಆಚೆ ಎಸೆದು ತಣ್ಣಗಾದರೆ ಉಂಟು, ಇಲ್ಲದಿದ್ದರೆ ಇಲ್ಲ."

"ನಿಂದೂ ಭಾವಂದೂ ಎಂಥ ವೇಗದಲ್ಲಿ ಆಯ್ತಕ್ಕ?"

"ನಾವು ಎಸೆಯೋದನ್ನ ಎಸೆದು ತಣ್ಣಗಾದವರು. ಕೇಳು ಬೇಕಾದರೆ ನಿಮ್ಮ ಭಾವನ್ನ."

ಬೇರೆ ಕಡೆಯ ಪಂಡಿತರೆಲ್ಲ ಇನ್ನೂ ಜೋರಾಗಿ ಹೊಡೆಯಬೇಕು ಎಂದಿದ್ದರು. ಲೆಕ್ಕದಮ್ಮ ಒಬ್ಬಳೇ, ಬೇಡ, ಒಂಚೂರು ಮೆಲ್ಲಗೆ, ಎಂದಳು. ಸಭೆಯಲ್ಲಿ ವಾದವಾಯಿತು. ಕೊನೆಗೆ ಆಕೆಯ ಮಾತಿನಂತೆಯೇ ಯಂತ್ರ ನಡೆಯಿತು. ವರ್ಷದ ಕೊನೆಯವರೆಗೆ ಆಕೆಯ ವೇಗ. ಅಷ್ಟರೊಳಗೆ ಏನೂ ಕಾಣದಿದ್ದರೆ ಉಳಿದವರ ವೇಗ. ಆದರೆ ಅಷ್ಟು ದಿನ ಆಕೆಯ ಕೈಯಲ್ಲಿರಲಿಲ್ಲ. ಚಕ್ರ ಸಿದ್ಧವಾಗುತ್ತಿದ್ದ ದಿನಗಳಲ್ಲೇ ಆಕೆಯ ಹೊಟ್ಟೆಯಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತ್ತು. ಈಗ ಡಾಕ್ಟರು ಔಷಧ ಬದಲಿಸುವುದನ್ನು ನಿಲ್ಲಿಸಿದ್ದರು. ನೋವು ಕಡಿಮೆಯಾಗುವುದಕ್ಕೆ ಮಾತ್ರ ಕೊಡುತ್ತಿದ್ದರು. ಅದರ ಅರ್ಥ ಮೂವರಿಗೂ ಗೊತ್ತಿತ್ತು.

ಅಜ್ಜ ದೇವರನ್ನು ಹೆಚ್ಚೇನೂ ಕೇಳುತ್ತಿರಲಿಲ್ಲ. ಮೊದಮೊದಲು ಪ್ರಾಣ ಕೇಳಿದರು. ಆಮೇಲೆ, ಅದು ನಿನ್ನ ಚಿತ್ತ ಎಂದು ಬಿಟ್ಟುಕೊಟ್ಟರು. ಈಗ ಕೇಳುತ್ತಿದ್ದುದು ಇಷ್ಟೇ: ಅವಳು ಕಣ್ಣುಮುಚ್ಚುವ ಮೊದಲು ಒಂದು ಪರಮಾಣು ಕಳಿಸು ತಂದೆ. ನಿನ್ನ ಉಗ್ರಾಣದಲ್ಲಿ ಅದು ಯಾವ ದೊಡ್ಡದು?

ಯಂತ್ರದ ಕಂಟ್ರೋಲ್ ರೂಮಿನಲ್ಲಿ ಒಂದು ರೂಢಿಯಿತ್ತು. ಹಿಂದೊಮ್ಮೆ ಯಾರೋ ಅವಸರಪಟ್ಟು, ಸಿಕ್ಕಿತು ಸಿಕ್ಕಿತು ಎಂದು ಊರಿಗೆಲ್ಲ ಹೇಳಿ, ವಾರದೊಳಗೆ ತಲೆ ತಗ್ಗಿಸಬೇಕಾಗಿ ಬಂದಿತ್ತು. ಅಂದಿನಿಂದ, ಪರದೆಯ ಮೇಲೆ ಏನಾದರೂ ಕಂಡರೆ ಕಂಡವನು ಬಾಯಿ ಬಿಡುವಂತಿಲ್ಲ. ತನ್ನ ಚಹಾ ಲೋಟವನ್ನು ಮೇಜಿನ ಮೇಲೆ ಕವುಚಿಟ್ಟು ಎದ್ದು ಹೋಗಬೇಕು. ಮುಂದಿನ ಪಾಳಿಯವರು ಲೋಟ ನೋಡಿ ತಾವೇ ಬೇರೆಯಾಗಿ ಹುಡುಕಬೇಕು. ಮೂವರು ಬೇರೆ ಬೇರೆಯಾಗಿ ನೋಡಿ ಹೌದೆಂದ ಮೇಲೆಯೇ ಲೋಟ ಎತ್ತಬೇಕು. ಅಲ್ಲಿಯವರೆಗೆ ಎಲ್ಲರ ಬಾಯಿಗೂ ಬೀಗ.

ಒಂದು ಬೆಳಿಗ್ಗೆ ಅಜ್ಜ ಚಕ್ರದ ಬಿಸಿ ವಿಚಾರಿಸಲು ಹೋದಾಗ ಮೇಜಿನ ಮೇಲೆ ಲೋಟ ಕವುಚಿಟ್ಟಿತ್ತು.

ಪಾಳಿಯ ಮುಖ್ಯಸ್ಥನಿಗೆ ಗಡಿಯಾರ ಎಂದು ಹೆಸರು. ಬರುವುದರಲ್ಲೂ ಹೋಗುವುದರಲ್ಲೂ ಒಂದು ನಿಮಿಷ ಆಚೀಚೆ ಇಲ್ಲದವನು. ಅವನು ಅಜ್ಜನ ಮುಖ ನೋಡಿದ, ಅಜ್ಜ ಲೋಟ ನೋಡಿದರು.

"ಅಜ್ಜ, ನೀವೇನೂ ನೋಡಿಲ್ಲ."

"ನಾನೇನು ನೋಡಿದೆನಪ್ಪ. ಒಂದು ಲೋಟ ನೋಡಿದೆ."

"ಲೋಟಾನೂ ನೋಡಿಲ್ಲ."

"ಆಯ್ತು, ನೋಡಿಲ್ಲ. ನೋಡದೇ ಇರೋ ಲೋಟದ ಒಳಗೆ ಏನಿದೆ, ಅಷ್ಟು ಹೇಳು."

ಗಡಿಯಾರ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. ಅವನೂ ಲೆಕ್ಕದಮ್ಮನ ಕೈಯಲ್ಲಿ ಕಲಿತವನೇ. ಆಕೆಯ ಸ್ಥಿತಿ ಬಲ್ಲವನು. "ಒಂದು ಸರಣಿ. ಮೊದಲನೇ ಆಲ್ಫಾದ ಶಕ್ತಿ ಅಮ್ಮ ಹೇಳಿದ್ದಕ್ಕೆ ಹತ್ತಿರ ಇದೆ. ಎರಡನೇದೂ ಇದೆ. ಅದೂ ನಿಮ್ಮ ನಾಲ್ಕನೇ ಹಾಳೆಯಿಂದ ಬಂದದ್ದು, ಅಜ್ಜ. ಅದು ಬಡಿದ ಹೊತ್ತಿಗೆ ಬೀಜಗಳ ಧಾರೆಯ ಎದುರಿಗೆ ಇದ್ದದ್ದು ಅದೇ. ಆದರೆ ಇನ್ನೂ ಇಬ್ಬರು ನೋಡಬೇಕು. ಮನೆಯಲ್ಲಿ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜ ತಲೆಯಾಡಿಸಿದರು. ಕೆಲಸದ ಕೋಣೆಗೆ ಬಂದು ಕೂತರು. ಇಬ್ಬರು ನೋಡುವುದೆಂದರೆ ಎರಡು ದಿನವೋ ನಾಲ್ಕು ದಿನವೋ. ಹಿಂದಿನ ಸಂಜೆ ಆಕೆ ನೀರಿನ ಲೋಟ ಹಿಡಿಯಲಾರದೆ ಕೈಬಿಟ್ಟದ್ದು ನೆನಪಾಯಿತು. ದೇವರು ಕೊಟ್ಟಿದ್ದಾನೆ, ನಾನು ತಡೆದಿಟ್ಟುಕೊಂಡರೆ ಅದು ಯಾರ ತಪ್ಪು, ಎಂದುಕೊಂಡರು. ಇಷ್ಟು ವರ್ಷ ಆ ರೂಢಿಯನ್ನು ಒಮ್ಮೆಯೂ ಮುರಿಯದ ಮನುಷ್ಯ ಮಧ್ಯಾಹ್ನವೇ ಅಂಗಿ ಬದಲಿಸಿ ಮನೆಯ ದಾರಿ ಹಿಡಿದರು.

ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದರಿಂದ ಒಳಗಿನಿಂದ ಪ್ರಶ್ನೆ ಬರಲಿಲ್ಲ. ಅವರು ಚಪ್ಪಲಿಯನ್ನೂ ಬಿಡದೆ ಹೋಗಿ ಮಂಚದ ಪಕ್ಕ ನಿಂತರು.

"ಬಂತು ಕಣೇ."

ಆಕೆ ಕಣ್ಣು ತೆರೆದಳು. ಸ್ವಲ್ಪ ಹೊತ್ತು ಗಂಡನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಎಷ್ಟೋ ದಿನದಿಂದ ಆ ಮನೆಯಲ್ಲಿ ಕೇಳದಿದ್ದ ನಗು. ನಾದಿನಿ ಸೌಟು ಹಿಡಿದುಕೊಂಡೇ ಓಡಿಬಂದಳು.

"ಏನಾಯ್ತು ಭಾವ?"

"ಬಂತಮ್ಮ. ನಿಮ್ಮಕ್ಕ ಹೇಳಿದ್ದು ಬಂತು."

"ಅಂತೂ ಬಂತಲ್ಲ ಮಹಾರಾಯ. ಎಲ್ಲಿ, ತೋರಿಸಿ."

"ಅದು ಬಂದೂ ಆಯ್ತು, ಹೋಗಿಯೂ ಆಯ್ತು ಕಣೇ," ಎಂದು ಲೆಕ್ಕದಮ್ಮ ಮತ್ತೆ ನಕ್ಕಳು. "ಒಂದು ಲೋಟ ಹಾಲು ಕೊಡು. ಸಕ್ಕರೆ ಜಾಸ್ತಿ ಹಾಕು. ನನ್ನ ಬೆನ್ನಿಗೆ ದಿಂಬು ಕೊಡಿ, ರೀ. ಕೂತು ಕೇಳ್ತೀನಿ."

ಹಾಲಿನಲ್ಲಿ ಅರ್ಧ ಕುಡಿದಳು. ಅಕ್ಕ ಕುಡಿದದ್ದನ್ನು ಕಂಡು ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಜ್ಜನಿಗೆ ಎದೆಯ ಮೇಲಿನ ಬಂಡೆ ಯಾರೋ ಎತ್ತಿದ ಹಾಗಾಯಿತು. ಮನಸ್ಸಿನಲ್ಲೇ ಕೈಮುಗಿದರು. ಆ ಗಳಿಗೆಯಲ್ಲಿ ಮಾತು ನಿಂತಿದ್ದರೆ ಎಷ್ಟು ಚೆನ್ನಾಗಿತ್ತೆಂದು ಆಮೇಲೆ ಅವರಿಗೆ ಅನ್ನಿಸದ ದಿನವಿಲ್ಲ. ಆದರೆ ಆಕೆ ಲೆಕ್ಕದಮ್ಮ. ಸಂತೋಷವನ್ನೂ ತೂಗದೆ ಒಳಗೆ ಬಿಟ್ಟುಕೊಂಡವಳಲ್ಲ.

"ಮೊದಲನೇದರ ಶಕ್ತಿ ಎಷ್ಟಂತೆ?"

"ನೀನು ಹೇಳಿದ್ದಕ್ಕೆ ಹತ್ತಿರ ಇದೆಯಂತೆ."

"ಹತ್ತಿರ ಅಂದ್ರೆ? ಗಡಿಯಾರ ಹತ್ತಿರ ಅನ್ನೋನಲ್ಲ. ಪರದೆಯ ಮೇಲೆ ನೀವು ನೋಡಿರ್ತೀರಿ."

ಅಜ್ಜ ನೋಡಿದ್ದರು. "ಹನ್ನೊಂದು ಪಾಯಿಂಟ್ ಆರು, ಆರೂವರೆ."

"ನಾನು ಹೇಳಿದ್ದು ಹನ್ನೆರಡರ ಮೇಲೆ," ಎಂದಳು ಆಕೆ ಮೆಲ್ಲಗೆ. "ಎಷ್ಟು ಹೊತ್ತಿಗೆ ಉಗುಳಿತು? ಬಂದು ಬಿದ್ದ ತಕ್ಷಣವೇ?"

"ಇಲ್ಲ. ಅರ್ಧ ನಿಮಿಷದ ಮೇಲೆ ಅಂತ ಕಾಣುತ್ತೆ."

"ಅರ್ಧ ನಿಮಿಷ."

ಆಕೆಯ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಒಳಗಿನವರು ಎದ್ದುಹೋದ ಮನೆಯ ದೀಪದ ಹಾಗೆ. ಅಜ್ಜನಿಗೆ ಅದು ಕಂಡಿತು. ನೂರಿಪ್ಪತ್ತನೆಯ ಧಾತು ಅಷ್ಟು ಹೊತ್ತು ಬದುಕುವುದಿಲ್ಲವೆಂದು ಅವರಿಗೂ ಗೊತ್ತಿತ್ತು; ಗೊತ್ತಿದ್ದನ್ನು ಬೆಳಗಿನಿಂದ ಪಕ್ಕಕ್ಕೆ ತಳ್ಳಿಟ್ಟಿದ್ದರು. ಬೇಡ ಕಣೇ, ಲೆಕ್ಕ ಹಾಕಬೇಡ, ಇದೊಂದು ಸಲ ಬಿಟ್ಟುಬಿಡು, ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

"ಎರಡನೇದು?"

"ಅದೂ ಇದೆಯಂತೆ."

"ಮೂರನೇದು?"

"ಕಾಣಲಿಲ್ಲ. ಕಣ ಹಿಡಿಯೋ ಡಿಟೆಕ್ಟರ್ ಪೆಟ್ಟಿಗೆಯ ತೆರೆದ ಕಡೆಯಿಂದ ಆಚೆ ಹೋಗಿರಬಹುದು. ಎಷ್ಟೋ ಸಲ ಹಾಗಾಗುತ್ತಲ್ಲ."

"ಆಗುತ್ತೆ." ಆಕೆ ಕಣ್ಣು ಮುಚ್ಚಿದಳು. ಹೊದಿಕೆಯ ಮೇಲೆ ಬೆರಳುಗಳು ಮಾತ್ರ ಆಡುತ್ತಿದ್ದವು. "ರೀ, ಈ ಹನ್ನೊಂದು ಪಾಯಿಂಟ್ ಆರು ಇದೆಯಲ್ಲ, ಇವನ ಪರಿಚಯ ನನಗಿದೆ. ಅರ್ಧ ನಿಮಿಷ, ಮುಕ್ಕಾಲು ನಿಮಿಷ ಕೂತು ಏಳೋನು. ಇವನು ಪೊಲೋನಿಯಂ. ನಮ್ಮವನಲ್ಲ. ಎರಡನೇದು ಯಾರೋ ದಾರಿಹೋಕ, ಜೊತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ."

"ಪೊಲೋನಿಯಂ ಎಲ್ಲಿಂದ ಬರಬೇಕು? ಚಕ್ರದಲ್ಲಿ ಇರೋದು ಕ್ಯೂರಿಯಂ."

"ಸೀಸ ಇದ್ದರೆ ಬರುತ್ತೆ. ಕ್ರೋಮಿಯಂ ಸೀಸಕ್ಕೆ ತಾಗಿ ಹೋದರೆ ಹುಟ್ಟುತ್ತೆ. ಎಳ್ಳಿನ ಸಾವಿರದಲ್ಲೊಂದು ಭಾಗದಷ್ಟು ಸೀಸ ಸಾಕು." ಆಕೆ ಕಣ್ಣು ತೆರೆದಳು. "ಯಾವ ಹಾಳೆಯಿಂದ ಬಂತು ಅಂತ ಏನಾದರೂ ಹೇಳಿದನಾ?"

ಬೆಳಿಗ್ಗೆ ಆ ಮಾತು ಕೇಳಿ ಎದೆಯುಬ್ಬಿಸಿಕೊಂಡಿದ್ದ ಅಜ್ಜನಿಗೆ ಈಗ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ನಾಲ್ಕನೇದು."

"ನಾಲ್ಕನೇದಕ್ಕೆ ಲೇಪ ಕೊಟ್ಟದ್ದು ಯಾವತ್ತು?"

ಆ ದಿನ ಇಬ್ಬರಿಗೂ ಮರೆಯುವಂಥದ್ದಲ್ಲ. ಆಕೆ ಒಬ್ಬಳೇ ಆಸ್ಪತ್ರೆಗೆ ಹೋಗಿ, ಡಾಕ್ಟರ ಮಾತು ಕೇಳಿ, ಅಲ್ಲಿಂದಲೇ ಗಂಡನ ಕೆಲಸದ ಕೋಣೆಗೆ ಫೋನು ಮಾಡಿದ್ದಳು. ಅಜ್ಜ ಆಗ ನಾಲ್ಕನೆಯ ಹಾಳೆಯನ್ನು ಆಮ್ಲದಲ್ಲಿ ತೊಳೆದು ಆಗಷ್ಟೇ ಎತ್ತಿಟ್ಟಿದ್ದರು. ಆ ಕೋಣೆಯಲ್ಲಿ ಕಿರಣ ತಡೆಯಲು ಸೀಸದ ಇಟ್ಟಿಗೆಗಳನ್ನು ಜೋಡಿಸಿರುತ್ತಾರೆ. ಸೀಸ ಮುಟ್ಟಿದ ಕೈಗವಸಿನಲ್ಲಿ ಹಾಳೆ ಮುಟ್ಟಬಾರದು. ಮೇಲಿನ ಕೈಗವಸು ಕಳಚಿ ಎಸೆದು ಹೊಸದು ಹಾಕಿಕೊಳ್ಳಬೇಕು. ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ, ಹೇಳಿಕೊಡುವವರೂ ಲೇಪದಜ್ಜನೇ. ಅಂದು ಫೋನಿಗೆ ಅಡ್ಡವಾಗಿದ್ದ ಒಂದು ಇಟ್ಟಿಗೆಯನ್ನು ಅವರು ಕೈಯಿಂದ ಸರಿಸಿದರು. ಆಕೆ ಹೇಳಿದ್ದು ಕೇಳಿದರು. ಬೇಗ ಬರ್ತೀನಿ, ಅಲ್ಲೇ ಕೂತಿರು, ಎಂದರು. ಮುಗಿಸಿಯೇ ಹೋಗೋಣವೆಂದು, ಅದೇ ಕೈಯಲ್ಲಿ ಹಾಳೆ ಎತ್ತಿಕೊಂಡರು.

ಇದೆಲ್ಲ ಅವರಿಗೆ ಈಗ, ಈ ಕುರ್ಚಿಯಲ್ಲಿ, ಆ ಇಟ್ಟಿಗೆಯ ತಣ್ಣನೆಯ ಭಾರವೂ ಸೇರಿ ನೆನಪಿಗೆ ಬಂತು.

"ಇಟ್ಟಿಗೆ ಸರಿಸಿದ್ದೆ ಕಣೇ," ಎಂದರು. "ಕೈಗವಸು ಬದಲಿಸಲಿಲ್ಲ."

ಆಕೆ ಕೈ ಚಾಚಿ ಅವರ ಅಂಗೈಯನ್ನು ತಿರುಗಿಸಿ ನೋಡಿದಳು, ಸೀಸ ಇನ್ನೂ ಅಂಟಿಕೊಂಡಿದೆಯೋ ಎನ್ನುವಂತೆ.

"ಹಾಗಾದ್ರೆ ಇದು ನನ್ನ ಫೋನಿನಿಂದ ಹುಟ್ಟಿದ್ದು. ಮಾಡೋ ಹೊತ್ತು ನೋಡಿ ಮಾಡಬೇಕಿತ್ತು ನಾನು."

"ಸುಮ್ಮನಿರೇ."

"ಗುರುವಿಗೇ ಪಾಠ ಮರೆತುಹೋಯ್ತು ಅಂತ ಗಡಿಯಾರ ಆಡಿಕೊಳ್ತಾನೆ."

"ಆಡಿಕೊಳ್ಳಲಿ." ಅವರು ಆಕೆಯ ಕೈ ಹಿಡಿದುಕೊಂಡರು. "ಇವತ್ತೊಂದು ದಿನ ಇರಲಿ ಕಣೇ. ಇನ್ನಿಬ್ಬರು ನೋಡೋದಿದೆ. ಅವರೇ ಹುಡುಕ್ತಾರೆ. ನೀನು ಹಾಲು ಕುಡಿದೆ, ಕೂತೆ, ನಕ್ಕೆ. ಇವತ್ತೊಂದು ದಿನ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ನಾದಿನಿ ಎಂದೂ ಹಾಡದವಳು ಏನನ್ನೋ ಗುನುಗುತ್ತಿದ್ದಳು.

"ನನಗೂ ಆಸೆಯೇ, ರೀ," ಎಂದಳು ಆಕೆ. "ಒಂದು ದಿನವೇನು, ಇರೋವಷ್ಟು ದಿನವೂ ಇಟ್ಕೋತಿದ್ದೆ. ಆದರೆ ಬೇರೆಯವರ ಪರಮಾಣು ನಮ್ಮದು ಅಂತ ಹೇಳಿಕೊಂಡು ನಾನು ಆ ಬಾಗಿಲಿಗೆ ಹೋಗಲ್ಲ. ಅಲ್ಲಿರೋನು ಎಲ್ಲರಿಗಿಂತ ದೊಡ್ಡ ಲೆಕ್ಕದವನು. ನೀವೇ ಅಲ್ವಾ ಹೇಳ್ತಿದ್ದದ್ದು?" ಉಸಿರು ತೆಗೆದುಕೊಂಡಳು. "ಹೋಗಿ ಹೇಳಿ ಬನ್ನಿ. ಆ ಹಾಳೆ ತೆಗೆಯೋವರೆಗೆ ನಿಜವಾದದ್ದು ಬಂದರೂ ಯಾರೂ ನಂಬಲ್ಲ. ವೇಗ ಮಾತ್ರ ಬದಲಿಸಬೇಡಿ ಅನ್ನಿ. ವೇಗ ಸರಿಯಾಗಿದೆ."

"ಸರಿಯಾಗಿದೆಯಾ?"

"ಸರಿಯಾಗಿದೆ ಅಂತ ಅಂದುಕೊಂಡಿದೀನಿ," ಎಂದು ಆಕೆ ಗೋಡೆಯ ಕಡೆ ತಿರುಗಿದಳು.

ಅಜ್ಜ ಎದ್ದರು. ಬಾಗಿಲ ಬಳಿ ನಾದಿನಿ ಕೇಳಿದಳು, "ಮತ್ತೆ ಎಲ್ಲಿಗೆ ಭಾವ? ಸಿಹಿ ಮಾಡ್ತಾ ಇದೀನಿ."

"ಮಾಡಮ್ಮ. ಈಗ ಬಂದೆ."

ಕಂಟ್ರೋಲ್ ರೂಮಿನಲ್ಲಿ ಅವರು ಎಲ್ಲರೆದುರಿಗೆ, ನಿಂತುಕೊಂಡೇ ಹೇಳಿದರು. ಇಟ್ಟಿಗೆ, ಕೈಗವಸು, ನಾಲ್ಕನೆಯ ಹಾಳೆ. ಮಧ್ಯಾಹ್ನವೇ ಮನೆಗೆ ಹೋಗಿ ಹೇಳಿಬಿಟ್ಟೆನೆಂಬುದನ್ನೂ ಹೇಳಿದರು. ಯಾರೂ ಆಡಿಕೊಳ್ಳಲಿಲ್ಲ. ತನ್ನ ಪಾಳಿ ಮುಗಿದರೂ ಮನೆಗೆ ಹೋಗದ ಗಡಿಯಾರ ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಕೂತಿದ್ದ.

"ಎರಡನೇ ಪಾಳಿಯವರು ಮಧ್ಯಾಹ್ನವೇ ಪೊಲೋನಿಯಂ ಅಂದರು, ಅಜ್ಜ. ನಿಮಗೆ ಯಾವ ಬಾಯಲ್ಲಿ ಹೇಳೋದು ಅಂತ ಕೂತಿದ್ವಿ." ಆಮೇಲೆ ಕೇಳಿದ, "ಅಮ್ಮ ಎಷ್ಟು ಹೊತ್ತಿಗೆ ಹಿಡಿದರು?"

"ಅರ್ಧ ಲೋಟ ಹಾಲು ಕುಡಿಯೋ ಹೊತ್ತಿಗೆ."

ಗಡಿಯಾರ ಮುಖ ಮುಚ್ಚಿಕೊಂಡ.

ಯಂತ್ರ ನಿಂತಿತು. ಅಜ್ಜ ಮನೆಗೆ ಬಂದಾಗ ದೀಪ ಹೊತ್ತಿಸುವ ಹೊತ್ತು; ಅವರು ಪ್ರತಿದಿನ ಬರುವ ಹೊತ್ತೇ. ಬಾಗಿಲು ತೆಗೆದು ಚಪ್ಪಲಿ ಬಿಡುತ್ತ, ಅಭ್ಯಾಸಬಲದಿಂದ ಒಂದು ಕ್ಷಣ ನಿಂತರು. ಇಲ್ಲ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗಿನಿಂದ ಏನೂ ಕೇಳಿಬರಲಿಲ್ಲ. ಹೋಗಿ ನೋಡಿದರು. ಆಕೆ ಎಚ್ಚರವಾಗಿಯೇ ಇದ್ದಳು. ಅವರನ್ನು ನೋಡಿ, "ಕಾಲು ನೋವಾ? ಕೂತ್ಕೊಳ್ಳಿ," ಎಂದಳು. ನಾದಿನಿ ತಂದುಕೊಟ್ಟ ಸಿಹಿಯನ್ನು ತುಟಿಗೆ ಮುಟ್ಟಿಸಿ, "ಚೆನ್ನಾಗಿದೆ ಕಣೇ," ಎಂದಳು.

ಮರುದಿನವೂ ಆಕೆ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಗಂಡನ ಬಾಯಲ್ಲಿ ಇಲ್ಲ ಎನ್ನಿಸಬಾರದೆಂದು ಕೇಳಲಿಲ್ಲವೋ, ಕೇಳುವ ಆಸೆಯೇ ಆ ಮಧ್ಯಾಹ್ನ ಹೋಗಿತ್ತೋ, ಅಜ್ಜ ಕಂಡುಹಿಡಿಯಲಾರದೆ ಹೋದರು. ಕೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದು, ಔಷಧದ ಮಾತಾಡಿ ಮುಚ್ಚಿಕೊಂಡರು. ವಾರ ತುಂಬುವ ಮೊದಲು, ನಾದಿನಿ ಕಿಟಕಿಯ ಪರದೆ ಸರಿಸುತ್ತಿದ್ದ ಒಂದು ಬೆಳಿಗ್ಗೆ, ಲೆಕ್ಕದಮ್ಮ ದೇವರ ಪಾದ ಸೇರಿದಳು.

ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿ, ಅಜ್ಜ ಕೆಲಸಕ್ಕೆ ಹೋದರು. ಕಂಟ್ರೋಲ್ ರೂಮಿನ ಮೇಜಿನ ಮೇಲೆ ಲೋಟ ಇನ್ನೂ ಕವುಚಿಕೊಂಡೇ ಇತ್ತು. ಅದನ್ನು ಎತ್ತಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅಜ್ಜ ಎತ್ತಿದರು, ತೊಳೆದರು, ಒರೆಸಿ ನೆಟ್ಟಗೆ ಇಟ್ಟರು. ಅದರ ಕೆಳಗೆ ಮೇಜಿನ ಮೇಲೆ ಒಂದು ಒಣಗಿದ ಚಹಾದ ಬಳೆ ಉಳಿದಿತ್ತು, ಅದನ್ನೂ ಒರೆಸಿದರು.

ನಾಲ್ಕನೆಯ ಹಾಳೆಯ ಲೇಪವನ್ನು ಆಮ್ಲದಲ್ಲಿ ಕರಗಿಸಿ, ಸೀಸವನ್ನು ಬೇರ್ಪಡಿಸಿ, ಉಳಿದ ಕ್ಯೂರಿಯಂ ಅನ್ನು ಹೊಸ ಹಾಳೆಗೆ ಕೂಡಿಸಿದರು. ಪ್ರತಿ ಹೆಜ್ಜೆಗೂ ಕೈಗವಸು ಬದಲಿಸಿದರು; ಬದಲಿಸಬೇಕಾಗಿಲ್ಲದ ಕಡೆಯೂ ಬದಲಿಸಿದರು. ಗೋಡೆಯ ಫೋನು ಒಂದೆರಡು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಎತ್ತಬೇಕಾದ ಫೋನು ಇನ್ನು ಬರುವಂತಿರಲಿಲ್ಲ. ದೇವರನ್ನು ಅವರು ಈಗ ಪರಮಾಣು ಕೇಳುತ್ತಿರಲಿಲ್ಲ. ಕೈ ಶುದ್ಧವಾಗಿರಲಿ ತಂದೆ, ಎಂದಷ್ಟೇ ಕೇಳಿದರು. ಹೊಸ ಹಾಳೆ ಚಕ್ರಕ್ಕೆ ಸೇರಿತು. ಯಂತ್ರ ಮತ್ತೆ ಆಕೆ ಹೇಳಿದ ವೇಗದಲ್ಲೇ ಓಡತೊಡಗಿತು. ವರ್ಷದ ಕೊನೆಗೆ ಇನ್ನು ಹೆಚ್ಚು ದಿನ ಇರಲಿಲ್ಲ.

ಆ ಸಂಜೆ ಮನೆಗೆ ಬಂದು ಬಾಗಿಲು ತೆಗೆದರು. ಒಳಕೋಣೆಯ ಮಂಚದ ಹಾಸಿಗೆಯನ್ನು ಸುತ್ತಿಟ್ಟಿತ್ತು. ಚಪ್ಪಲಿ ಬಿಡಲು ಬಗ್ಗಿದವರು ಹಾಗೆಯೇ, ಗೋಡೆಗೆ ಒಂದು ಕೈ ಕೊಟ್ಟು, ನಿಂತುಬಿಟ್ಟರು. ಎಷ್ಟು ಹೊತ್ತು ನಿಂತರೋ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಬಂತಾ ಭಾವ?" ಎಂದು ಕೇಳಿದಳು ನಾದಿನಿ.

ಏನು ಬರಬೇಕೆಂದು ಆಕೆಗೆ ಈಗಲೂ ಸರಿಯಾಗಿ ತಿಳಿದಿರಲಿಲ್ಲ.

"ಇಲ್ಲಮ್ಮ," ಎಂದರು ಲೇಪದಜ್ಜ. "ಇನ್ನೂ ಇಲ್ಲ." ಹೇಳಿ, ಇಷ್ಟು ದಿನ ಅಳದಿದ್ದವರು ಹೊಸ್ತಿಲ ಬಳಿಯೇ ಕುಸಿದು ಕೂತು ಅತ್ತರು.